ಸಸಿ ಸಿಗದ ಚೌಕದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಎಂ.ಎಸ್ಸಿ. ಸಸ್ಯಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಜನವರಿಯಿಂದ ಮಾರ್ಚ್‌ವರೆಗೆ ಪನತ್ತಡಿ, ರಾಣಿಪುರಂ ಕಡೆಯ ಕಾಡಿನಲ್ಲಿ ಧೂಪದ ಮರದ ಸಸಿಗಳ ಬಗ್ಗೆ ಪ್ರಾಜೆಕ್ಟ್ ಮಾಡಲಿಕ್ಕಿದೆ. ತಾಯಿಮರದಿಂದ ದೂರ ಹೋದ ಹಾಗೆ ಎಷ್ಟು ಸಸಿ ಇರುತ್ತವೆ, ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕುವುದು ಕೆಲಸ. ಈವರೆಗೆ ಕಾಡಿಗೆ ಹೋದದ್ದು ಕಾಲೇಜಿನ ಪ್ರವಾಸದಲ್ಲಿ ಮಾತ್ರ. ಮನೆಯವರಿಗೆ ಆನೆ, ಹಾವಿನ ಹೆದರಿಕೆ. ನನ್ನ ಹೆದರಿಕೆ ಬೇರೆ. ಇಡೀ ದಿನ ಹುಡುಕಿ ಏನೂ ಸಿಗದಿದ್ದರೆ ಏನು ಮಾಡುವುದು? ಕಾಡಿನಲ್ಲಿ ಒಂದು ದಿನದ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ವಿವರವಾಗಿ ತಿಳಿಸುತ್ತೀರಾ?

ಉತ್ತರ: ನಿಮ್ಮ ಹೆದರಿಕೆಯಿಂದಲೇ ಶುರು ಮಾಡುತ್ತೇನೆ. ಇಡೀ ದಿನ ಹುಡುಕಿ ಒಂದು ಸಸಿಯೂ ಸಿಗದಿದ್ದರೆ ಆ ದಿನ ಹಾಳಾಗುವುದಿಲ್ಲ. ಸಿಗಲಿಲ್ಲ ಎಂದು ಬರೆಯದೆ ವಾಪಸು ಬಂದರೆ ಹಾಳಾಗುತ್ತದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಿಮ್ಮ ವಯಸ್ಸಿನಲ್ಲಿ ನಾನೂ ಸಸಿಗಳನ್ನೇ ಎಣಿಸುತ್ತಿದ್ದೆ. ಘಟ್ಟದ ಮೇಲಿನ ಒಂದು ಕಾಡಿನಲ್ಲಿ ಮೂರು ವಾರ ಕೆಲಸ. ಸಸಿ ಎಣಿಸಲು ನೆಲದ ಮೇಲೆ ಅಳೆದು ಗುರುತಿಸುವ ಸಣ್ಣ ಜಾಗವೇ ಚೌಕ. ಸಸಿ ಇದ್ದ ಚೌಕಗಳನ್ನು ಎಚ್ಚರದಿಂದ ಬರೆದುಕೊಂಡೆ. ಎತ್ತರ, ಎಲೆಗಳ ಸಂಖ್ಯೆ, ಹುಳ ತಿಂದ ಗುರುತು, ಎಲ್ಲವೂ ಇತ್ತು. ಸಸಿ ಇಲ್ಲದ ಚೌಕಕ್ಕೆ ಏನು ಬರೆಯುವುದಿದೆ ಎಂದು ಸುಮ್ನೆ ಮುಂದಿನದಕ್ಕೆ ಹೋದೆ. ಊರಿಗೆ ಬಂದು ಪುಸ್ತಕ ತೋರಿಸಿದಾಗ ನನ್ನ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು. ಇಲ್ಲಿ ಸಸಿ ಇರಲಿಲ್ಲವೋ, ನೀನು ನೋಡಲಿಲ್ಲವೋ? ನನ್ನಲ್ಲಿ ಉತ್ತರ ಇರಲಿಲ್ಲ. ಮೂರು ವಾರದ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ಸಣ್ಣ ಲೆಕ್ಕ ಹಾಕಿ ನೋಡಿ. ಹತ್ತು ಚೌಕ ನೋಡಿದ್ದೀರಿ. ನಾಲ್ಕರಲ್ಲಿ ಐದೈದು ಸಸಿ, ಆರರಲ್ಲಿ ಏನೂ ಇಲ್ಲ. ಸರಾಸರಿ ಚೌಕಕ್ಕೆ 2 ಸಸಿ. ಖಾಲಿ ಚೌಕಗಳನ್ನು ಬಿಟ್ಟರೆ ಅದೇ ಸರಾಸರಿ 5 ಆಗುತ್ತದೆ. ಕಾಡು ಬದಲಾಗಲಿಲ್ಲ, ನಿಮ್ಮ ಪುಸ್ತಕ ಬದಲಾಯಿತು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಖಾಲಿ ಚೌಕಗಳು ಸಿಗುವುದು ಹೆಚ್ಚಾಗಿ ತಾಯಿಮರದಿಂದ ದೂರದಲ್ಲಿ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವ ಜಾಗದಲ್ಲೇ ನೀವು ಏನೂ ಬರೆಯದೆ ಬಂದಿರುತ್ತೀರಿ.

ಹಾಗಾಗಿ ಮೂರು ಗುರುತು ಇಟ್ಟುಕೊಳ್ಳಿ. ನೋಡಿದೆ, ಇಲ್ಲ ಎಂದಾದರೆ ಸೊನ್ನೆ. ನೋಡಲು ಆಗಲಿಲ್ಲ ಎಂದಾದರೆ ಅಡ್ಡಗೆರೆ, ಪಕ್ಕದಲ್ಲಿ ಕಾರಣ: ಬಂಡೆ, ಬಿದ್ದ ಮರ, ಆನೆ ಬಂತು, ಹೀಗೆ. ಸಸಿ ಇದೆ, ಆದರೆ ಧೂಪವೇ ಹೌದೋ ಎಂದು ಸಂಶಯವಾದರೆ ಪ್ರಶ್ನೆಚಿಹ್ನೆ. ಪುಸ್ತಕದ ಯಾವ ಕೋಣೆಯನ್ನೂ ಖಾಲಿ ಬಿಡಬೇಡಿ. ರಾತ್ರಿ ಕುಳಿತು ಖಾಲಿ ಕೋಣೆಗೆ ಸೊನ್ನೆ ತುಂಬುವ ಮನಸ್ಸಾಗುತ್ತದೆ. ಅದು ಬೇಡವೇ ಬೇಡ.

ಇನ್ನು ನೀವು ಕೈಗೆತ್ತಿಕೊಂಡ ಪ್ರಶ್ನೆಯ ವಿಷಯ. ಅದು ಗೊತ್ತಿದ್ದರೆ ದಿನದ ಒಂದೊಂದು ಕೆಲಸವೂ ಯಾಕೆ ಎಂದು ತಿಳಿಯುತ್ತದೆ. ಮಳೆಕಾಡಿನಲ್ಲಿ ಇಷ್ಟೊಂದು ಜಾತಿಯ ಮರಗಳು ಒಟ್ಟಿಗೆ ಹೇಗೆ ಇವೆ, ಒಂದೇ ಜಾತಿ ಎಲ್ಲವನ್ನೂ ಯಾಕೆ ಆಕ್ರಮಿಸುವುದಿಲ್ಲ? 1970ರಲ್ಲಿ ಡೇನಿಯಲ್ ಜಾನ್ಜನ್, 1971ರಲ್ಲಿ ಜೋಸೆಫ್ ಕಾನೆಲ್, ಈ ಇಬ್ಬರು ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಯೋಚಿಸಿ ಒಂದೇ ಉತ್ತರಕ್ಕೆ ಬಂದರು. ತಾಯಿಮರದ ಬುಡದಲ್ಲಿ ಬೀಜ ಜಾಸ್ತಿ ಬೀಳುತ್ತದೆ. ಆ ಜಾತಿಗೇ ಅಂಟಿಕೊಂಡ ಹುಳ, ಶಿಲೀಂಧ್ರಗಳೂ ಅಲ್ಲೇ ಜಾಸ್ತಿ. ಹಾಗಾಗಿ ಬುಡದ ಸಸಿಗಳು ಸಾಯುತ್ತವೆ, ದೂರ ಹೋದವು ಬದುಕುತ್ತವೆ. ತಾಯಿಯ ಹತ್ತಿರ ಖಾಲಿಯಾದ ಜಾಗ ಬೇರೆ ಜಾತಿಗೆ ಸಿಗುತ್ತದೆ.

ನಿಮ್ಮ ಊರಿನವರಿಗೆ ಇದನ್ನು ಹೇಳಿದರೆ ಬೇಗ ಅರ್ಥವಾಗುತ್ತದೆ. ಅಡಿಕೆ ತೋಟದಲ್ಲಿ ಕೊಳೆರೋಗ ಯಾಕೆ ಅಷ್ಟು ಬೇಗ ಹಬ್ಬುತ್ತದೆ? ಎಲ್ಲಿ ನೋಡಿದರೂ ಅಡಿಕೆಯೇ ಇರುವುದರಿಂದ ಅಲ್ವಾ? ಒಂದು ಗೊನೆಯಿಂದ ಇನ್ನೊಂದಕ್ಕೆ ಹೋಗಲು ರೋಗಕ್ಕೆ ದಾರಿ ಹುಡುಕಬೇಕಾಗಿಲ್ಲ. ನಾವು ಮೈಲುತುತ್ತು ಹೊಡೆಯುತ್ತೇವೆ. ಕಾಡಿನಲ್ಲಿ ಮೈಲುತುತ್ತು ಹೊಡೆಯುವವರಿಲ್ಲ. ಅಲ್ಲಿ ದೂರವೇ ಮದ್ದು.

ಧೂಪವನ್ನು ಆರಿಸಿದ್ದು ಒಳ್ಳೆಯದಾಯಿತು. ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಸಹಜವಾಗಿ ಬೇರೆಲ್ಲೂ ಬೆಳೆಯದ ಮರ ಇದು. ಹೈಗ, ಕಿರಾಲ್‌ಬೋಗಿ ಇದೇ ಕುಟುಂಬದವು. ಆದರೆ ಅವುಗಳ ಕಾಯಿಗೆ ಎರಡು ರೆಕ್ಕೆ ಇವೆ, ಗಾಳಿಯಲ್ಲಿ ತಿರುಗುತ್ತಾ ಸ್ವಲ್ಪ ಆಚೆ ಬೀಳುತ್ತವೆ. ಧೂಪದ ಕಾಯಿಗೆ ರೆಕ್ಕೆ ಇಲ್ಲ. ಭಾರದ ಕಾಯಿ, ನೇರ ಕೆಳಗೆ ಬೀಳುತ್ತದೆ. ಮಳೆ ಹಿಡಿಯುವ ಹೊತ್ತಿಗೇ ಬೀಳುತ್ತದೆ, ಬಿದ್ದ ಕೂಡಲೇ ಮೊಳೆಯುತ್ತದೆ. ಒಣಗಿಸಿ ಇಟ್ಟರೆ ಈ ಬೀಜ ಸತ್ತುಹೋಗುತ್ತದೆ. ಅಂದರೆ ಜನವರಿಯಲ್ಲಿ ನೀವು ನೋಡುವ ಎಳೆಯ ಸಸಿಗಳಿಗೆ ಆರೇಳು ತಿಂಗಳು ವಯಸ್ಸು. ಒಂದು ಮಳೆಗಾಲ ದಾಟಿವೆ, ಮೊದಲ ಬೇಸಿಗೆ ಇನ್ನು ಬರಬೇಕು. ನಿಮ್ಮ ಮೂರು ತಿಂಗಳು ಅವುಗಳಿಗೆ ಬಹಳ ಕಷ್ಟದ ಕಾಲ.

ರೆಕ್ಕೆ ಇಲ್ಲದ ಭಾರದ ಬೀಜ ಎಂದರೆ ಇನ್ನೊಂದು ವಿಷಯವೂ ನೆನಪಿರಬೇಕು. ನಿಮ್ಮ ಜಾಗ ಇಳಿಜಾರು. ಬೀಜ ಉರುಳುತ್ತದೆ, ಮಳೆನೀರು ಅದನ್ನು ತೋಡಿಗೆ ಎಳೆಯುತ್ತದೆ. ಹಾಗಾಗಿ ಮೇಲಿನ ದಿಕ್ಕು, ಕೆಳಗಿನ ದಿಕ್ಕು ಎಂದು ಬೇರೆ ಬೇರೆ ಬರೆಯದಿದ್ದರೆ ನಿಮಗೆ ಸಿಗುವುದು ಹುಳದ ಕಥೆಯಲ್ಲ, ಉರುಳಿದ ಕಥೆ.

ಈಗ ದಿನದ ಕೆಲಸಕ್ಕೆ ಬರೋಣ. ದಿನ ಶುರುವಾಗುವುದು ಹಿಂದಿನ ರಾತ್ರಿ. ಯಾವ ಮರ, ಯಾವ ನಾಲ್ಕು ದಿಕ್ಕು ಎಂದು ಮನೆಯಲ್ಲೇ ಚೀಟಿ ಎತ್ತಿ ತೀರ್ಮಾನಿಸಿ. ಮರದ ಬುಡದಲ್ಲಿ ನಿಂತು ದಿಕ್ಕು ಆರಿಸಬೇಡಿ. ನಮ್ಮ ಕಾಲು ತಾನಾಗಿ ಬೆತ್ತದ ಮುಳ್ಳಿಲ್ಲದ ಕಡೆಗೆ ಹೋಗುತ್ತದೆ. ಮುಳ್ಳಿಲ್ಲದ ಕಡೆ ಬೆಳಕು ಬೇರೆ, ನೆಲ ಬೇರೆ, ಜನ ನಡೆದಾಡಿದ ಸಾಧ್ಯತೆಯೂ ಜಾಸ್ತಿ. ಚೀಟಿಯಲ್ಲಿ ಬಂದ ದಿಕ್ಕು ಬೆತ್ತದ ಪೊದೆಯ ಮಧ್ಯೆ ಹೋದರೆ ಪೊದೆಯೊಳಗೇ ಹೋಗಬೇಕು. ಆ ದಿನ ಕೈಗೆ ಗೀರು ಬೀಳುತ್ತದೆ, ಲೆಕ್ಕ ಸರಿಯಾಗಿರುತ್ತದೆ.

ಬೆಳಿಗ್ಗೆ ಐದಕ್ಕೆ ಏಳಿ. ಆದರೆ ಬೆಳಕು ಸರಿಯಾಗಿ ಹರಿಯುವ ಮೊದಲು ಕಾಡಿಗೆ ಕಾಲಿಡಬೇಡಿ. ಆ ಹೊತ್ತು ಆನೆಗಳದು. ಹಾಲಿಲ್ಲದ ಒಂದು ಕಟ್ಟನ್ ಚಾಯ, ಹೊಟ್ಟೆಗೆ ಗಟ್ಟಿಯಾಗಿ ಏನಾದರೂ, ಬುತ್ತಿಗೆ ಅನ್ನವೋ ಅವಲಕ್ಕಿಯೋ. ಚೀಲದಲ್ಲಿ 30 ಮೀಟರಿನ ಅಳತೆ ಪಟ್ಟಿ, ದಿಕ್ಸೂಚಿ, ಒಂದು ಮೀಟರ್ ಉದ್ದದ ನಾಲ್ಕು ಪಿ.ವಿ.ಸಿ. ಪೈಪು, ಅಲ್ಯೂಮಿನಿಯಂ ತಗಡಿನ ನಂಬರುಗಳು, ಪುಸ್ತಕ, ಎರಡು ಪೆನ್ಸಿಲ್. ಪೆನ್ ಬೇಡ. ಇಬ್ಬನಿಗೆ, ಬೆವರಿಗೆ ಶಾಯಿ ಕರಗುತ್ತದೆ. ಪೆನ್ಸಿಲಿನ ಬರಹ ತೋಡಿಗೆ ಬಿದ್ದರೂ ಉಳಿಯುತ್ತದೆ. ಅರಣ್ಯ ಇಲಾಖೆಯ ಅನುಮತಿಪತ್ರದ ಪ್ರತಿಯೂ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಅನುಮತಿ ಇಲ್ಲದೆ ಒಂದು ಎಲೆ ಕೀಳುವುದೂ ಬೇಡ. ಈ ಕಾಡಿನ ಬೆನ್ನಿಗೇ ಕೊಡಗಿನ ತಲಕಾವೇರಿ ವನ್ಯಜೀವಿಧಾಮ ಇದೆ. ಅದು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಜಾಗಗಳಲ್ಲಿ ಒಂದು. ಗಡಿ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅರಿವಿಲ್ಲದೆ ದಾಟಿಬಿಡಬಹುದು.

ಒಳಗೆ ಹೋದ ಮೊದಲ ಅರ್ಧ ಗಂಟೆ ಕೆಲಸ ಶುರು ಮಾಡಬೇಡಿ. ಕಣ್ಣು ಹೊಂದಿಕೊಳ್ಳಬೇಕು. ದಟ್ಟ ಮಳೆಕಾಡಿನಲ್ಲಿ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಮೊದಲಿಗೆ ಎಲ್ಲವೂ ಒಂದೇ ಹಸಿರು. ಆಮೇಲೆ ಒಂದು ಎಲೆಯ ಹೊಳಪು ಬೇರೆ, ಇನ್ನೊಂದರ ನರ ಬೇರೆ ಎಂದು ಕಾಣತೊಡಗುತ್ತದೆ. ಆ ಹೊತ್ತಿಗೆ ಸಿಳ್ಳಾರ ಹಾಡುತ್ತಿರುತ್ತದೆ. ಭೀಮರಾಜ ಇನ್ಯಾವುದೋ ಹಕ್ಕಿಯ ದನಿ ತೆಗೆದು ಮೋಸ ಮಾಡುತ್ತದೆ. ಕೇಳಿ, ಖುಷಿಪಡಿ, ತಪ್ಪಿಲ್ಲ. ಜನವರಿ, ಫೆಬ್ರವರಿ ಮಂಗಟ್ಟೆ ಹಕ್ಕಿಗಳು ಗೂಡು ಮಾಡುವ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ಕೊಡುತ್ತದೆ. ಅಂಥ ಮರ ಸಿಕ್ಕಿದರೆ ಫೋಟೊಗೆ ನಿಲ್ಲದೆ ಸರಿದುಹೋಗಿ. ನೀವು ಬುಡದಲ್ಲಿ ನಿಂತಷ್ಟು ಹೊತ್ತು ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವಕ್ಕೆ ಊಟವಿಲ್ಲ.

ಮರದ ಹತ್ತಿರ ಬಂದಿರಿ. ಮೊದಲು ಸುತ್ತಳತೆ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ. ಇಳಿಜಾರಿನಲ್ಲಿ ಮೇಲುಬದಿಯಿಂದ ಎತ್ತರ ಹಿಡಿಯಬೇಕು. ಬುಡದಲ್ಲಿ ಹಲಗೆಯ ಹಾಗೆ ಹರಡಿದ ಬೇರಿದ್ದರೆ ಅದರ ಮೇಲಿನಿಂದ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂದೂ ಬರೆಯಿರಿ. ಒಂದು ಕೋಲಿಗೆ ಆ ಎತ್ತರದ ಗುರುತು ಮಾಡಿಟ್ಟುಕೊಂಡರೆ ಪ್ರತಿಸಲ ಪಟ್ಟಿ ಬಿಚ್ಚುವ ಕೆಲಸ ಇಲ್ಲ. ನಾನು ಇದನ್ನೇ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾಲ್ಕು ಬೆರಳು ಕೆಳಗೆ ಅಳೆದರೂ ದಪ್ಪ ಹೆಚ್ಚು ಬರುತ್ತದೆ. ಮಾರ್ಚಿನಲ್ಲಿ ಮತ್ತೆ ಅಳೆಯುವಾಗ ನಾಲ್ಕು ಬೆರಳು ಮೇಲೆ ಹಿಡಿದರೆ ಮರ ಎರಡು ತಿಂಗಳಲ್ಲಿ ಸಣ್ಣದಾಗಿರುತ್ತದೆ.

ಸುತ್ತ ನೋಡಿ. ಹತ್ತಿರದಲ್ಲಿ ಇನ್ನೊಂದು ದೊಡ್ಡ ಧೂಪ ಇದೆಯೇ? ಇದ್ದರೆ ನೀವು ತಾಯಿಯಿಂದ 20 ಮೀಟರ್ ದೂರ ಎಂದುಕೊಂಡದ್ದು ಚಿಕ್ಕಮ್ಮನ ಬುಡ ಆಗಿರಬಹುದು. ಆದಷ್ಟು ಒಂಟಿ ಮರಗಳನ್ನು ಆರಿಸಿ. ಆಗದಿದ್ದರೆ ಪಕ್ಕದ ಮರದ ದೂರ, ದಿಕ್ಕು ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಸಾಲು ಎಳೆಯುವುದು. ಮರದ ಬುಡದಿಂದ ಆ ದಿನದ ದಿಕ್ಕಿಗೆ ಪಟ್ಟಿ ಹಿಡಿದು 2, 5, 10, 20 ಮೀಟರಿನಲ್ಲಿ ಒಂದೊಂದು ಚೌಕ. ನಾಲ್ಕು ದಿಕ್ಕಿಗೆ ಹದಿನಾರು ಚೌಕ. ದಿನಕ್ಕೆ ಎರಡು ಮರ ಸಾಕು. ಮೂರನೆಯದಕ್ಕೆ ಆಸೆ ಪಡಬೇಡಿ. ಪಟ್ಟಿಯನ್ನು ನೆಲಕ್ಕೆ ತಾಗಿಸಿ ಎಳೆಯಬಾರದು, ಅಡ್ಡವಾಗಿ ಮಟ್ಟಕ್ಕೆ ಹಿಡಿಯಬೇಕು. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 20 ಮೀಟರ್ ಅಳೆದರೆ ನಿಜವಾದ ಅಡ್ಡ ದೂರ 17.3 ಮೀಟರ್ ಮಾತ್ರ. ಮೊಬೈಲಿನ ಜಿ.ಪಿ.ಎಸ್. ನಂಬಿ ದೂರ ಬರೆಯಬೇಡಿ. ದಟ್ಟ ಎಲೆಗಳ ಅಡಿಯಲ್ಲಿ ಅದು ಹತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ನಿಮ್ಮ ಇಡೀ ಪ್ರಾಜೆಕ್ಟ್ ನಿಂತಿರುವುದು ಐದು, ಹತ್ತು ಮೀಟರುಗಳ ವ್ಯತ್ಯಾಸದ ಮೇಲೆ. ಮರ ಎಲ್ಲಿದೆ ಎಂದು ಮತ್ತೆ ಹುಡುಕಲು ಜಿ.ಪಿ.ಎಸ್. ಸಾಕು, ಚೌಕಕ್ಕೆ ಸಾಲದು.

ಸಾಲಿನ ಒಂದೇ ಬದಿಯಲ್ಲಿ ನಡೆಯಿರಿ. ಚೌಕ ಇನ್ನೊಂದು ಬದಿಗೆ ಇರಲಿ. ನಾವು ತುಳಿದು ಸಾಯಿಸಿದ ಸಸಿಯನ್ನು ಮಾರ್ಚಿನಲ್ಲಿ ಹುಳದ ಲೆಕ್ಕಕ್ಕೆ ಬರೆಯಬಾರದಲ್ಲ.

ಪೈಪು ಜೋಡಿಸಿ ಮೊಣಕಾಲೂರಿ ಕೂರುವ ಮೊದಲು ಕೋಲಿನಿಂದ ತರಗೆಲೆ ಸ್ವಲ್ಪ ಸರಿಸಿ. ಕೈಯನ್ನು ಆಮೇಲೆ ಹಾಕಿ. ಒಂದು ಮೂಲೆಯಿಂದ ಶುರು ಮಾಡಿ ಸಾಲುಸಾಲಾಗಿ ನೋಡುತ್ತಾ ಬನ್ನಿ. ಎದ್ದುಕಾಣುವ ಸಸಿಯಿಂದ ಎಣಿಸಿದರೆ ಚಿಕ್ಕವು ತಪ್ಪಿಹೋಗುತ್ತವೆ. ಪ್ರತಿ ಸಸಿಯ ಎತ್ತರ, ಎಲೆ ಎಷ್ಟು, ಎಲೆಯಲ್ಲಿ ಎಷ್ಟು ಪಾಲು ತಿಂದುಹೋಗಿದೆ, ಬುಡದಲ್ಲಿ ಕೊಳೆತ ಗುರುತು ಇದೆಯೇ, ಇಷ್ಟು ಬರೆಯಿರಿ. ಸಸಿಯ ಬುಡದ ಪಕ್ಕದಲ್ಲಿ ನೆಲಕ್ಕೆ ಒಂದು ಕಡ್ಡಿ ಚುಚ್ಚಿ ನಂಬರು ಕಟ್ಟಿ. ಸಸಿಗೇ ಕಟ್ಟಿದರೆ ಅದು ಬಾಗುತ್ತದೆ. ನಂಬರು ಇಲ್ಲದಿದ್ದರೆ ಜನವರಿಯಲ್ಲಿ ಆರು, ಮಾರ್ಚಿನಲ್ಲಿ ನಾಲ್ಕು ಎಂದಷ್ಟೇ ಗೊತ್ತಾಗುತ್ತದೆ. ಯಾವ ಎರಡು ಸತ್ತವು, ಅವುಗಳ ಎಲೆ ಮೊದಲೇ ತಿಂದುಹೋಗಿತ್ತೇ ಎಂದು ತಿಳಿಯುವುದಿಲ್ಲ. ಆ ಎರಡರ ಕಥೆಯೇ ನಿಮ್ಮ ಪ್ರಬಂಧ.

ಖಾಲಿ ಚೌಕಕ್ಕೂ ಸಸಿ ಇರುವ ಚೌಕದಷ್ಟೇ ಹೊತ್ತು ಕೊಡಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ಹನ್ನೊಂದು ಗಂಟೆಗೆ ಜೀರುಂಡೆಗಳ ಸದ್ದು ತಲೆಯೊಳಗೇ ಕೂರುತ್ತದೆ. ಬೆನ್ನು ನೋಯುತ್ತದೆ. ಮೂರು ಚೌಕ ಸತತವಾಗಿ ಸೊನ್ನೆ ಬಂದರೆ ನಾಲ್ಕನೆಯದನ್ನು ನಿಂತಲ್ಲಿಂದಲೇ ನೋಡಿ ಸೊನ್ನೆ ಎಂದು ಬರೆಯುವ ಮನಸ್ಸಾಗುತ್ತದೆ. ಅದಕ್ಕೊಂದು ಉಪಾಯ ಇದೆ. ಕಡಿಮೆ ಎಂದರೆ ಐದು ನಿಮಿಷ ಎಂದು ಗಡಿಯಾರ ಇಟ್ಟುಕೊಳ್ಳಿ, ಏನೂ ಇಲ್ಲದಿದ್ದರೂ ಅಷ್ಟು ಹೊತ್ತು ಮೊಣಕಾಲೂರಿಯೇ ಇರಿ. ಹತ್ತರಲ್ಲಿ ಒಂದು ಚೌಕವನ್ನು ಜೊತೆಗಿದ್ದವರಿಂದ ಮತ್ತೆ ಎಣಿಸಿಸಿ, ನಿಮ್ಮ ಲೆಕ್ಕ ಮೊದಲೇ ಹೇಳಬೇಡಿ. ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ. ಮಧ್ಯಾಹ್ನದ ನಂತರ ವ್ಯತ್ಯಾಸ ಜಾಸ್ತಿಯಾಗುತ್ತಾ ಹೋಗುವುದು ನಿಮಗೇ ಕಾಣುತ್ತದೆ. ಎರಡೇ ಮರ ಸಾಕು ಎಂದದ್ದು ಅದಕ್ಕೆ.

ಜೊತೆಗಾರರ ಮಾತು ಬಂತು. ಒಬ್ಬರೇ ಹೋಗುವ ಪ್ರಶ್ನೆಯೇ ಇಲ್ಲ. ಒಬ್ಬ ಸಹಪಾಠಿ, ಒಬ್ಬ ಅರಣ್ಯ ವಾಚರ್ ಅಥವಾ ಅಲ್ಲಿಯ ಹಿರಿಯರು, ಹೀಗೆ ಮೂವರು ಇರಬೇಕು. ಆ ಭಾಗದಲ್ಲಿ ಮಾವಿಲ, ಮಲವೇಟ್ಟುವ ಸಮುದಾಯದ ಮನೆಗಳಿವೆ. ಮಾವಿಲರಲ್ಲಿ ಹಲವರ ಮನೆಮಾತು ತುಳುವಿಗೆ ಹತ್ತಿರದ್ದು, ಹಾಗಾಗಿ ತುಳು ಬಂದರೆ ಮಾತು ಬೇಗ ಕೂಡುತ್ತದೆ. ಅವರಿಗೆ ಸರಿಯಾದ ದಿನಗೂಲಿ ಕೊಡಿ, ಪ್ರಬಂಧದಲ್ಲಿ ಅವರ ಒಪ್ಪಿಗೆ ಕೇಳಿ ಹೆಸರು ಬರೆಯಿರಿ. ದಾರಿ ತೋರಿಸಲಿಕ್ಕೆ ಮಾತ್ರ ಕರೆದುಕೊಂಡು ಹೋದವರು ಎಂದು ತಿಳಿಯಬೇಡಿ. ಒಂದು ಉದಾಹರಣೆ ಹೇಳುತ್ತೇನೆ. ಧೂಪದ ಬೀಜದಿಂದ ಕೊಬ್ಬು ತೆಗೆಯುತ್ತಾರೆ, ಅದು ಸೋಪಿನ ತಯಾರಿಕೆಗೆ ಹೋಗುತ್ತದೆ. ಮಳೆಗಾಲದ ಶುರುವಿಗೆ ಜನ ಬೀಜ ಹೆಕ್ಕುವುದು ನಮ್ಮ ಕಡೆ ಹಿಂದಿನಿಂದ ಇದೆ. ನೀವು ಜನವರಿಯಲ್ಲಿ ಒಂದು ಮರದ ಬುಡದಲ್ಲಿ ಸೊನ್ನೆ ಬರೆಯುತ್ತೀರಿ. ಹುಳ ತಿಂದಿತು, ಜಾನ್ಜನ್ ಹೇಳಿದ್ದು ನಿಜ ಎಂದು ಸಂತೋಷಪಡುತ್ತೀರಿ. ಪಕ್ಕದಲ್ಲಿ ನಿಂತ ಹಿರಿಯರಿಗೆ ಗೊತ್ತಿರುತ್ತದೆ, ಜೂನಿನಲ್ಲಿ ಆ ಬುಡದ ಬೀಜವನ್ನೆಲ್ಲ ಯಾರೋ ಹೆಕ್ಕಿ ಒಯ್ದಿದ್ದಾರೆ ಎಂದು. ನೀವು ಕೇಳದೆ ಅವರು ಹೇಳುವುದಿಲ್ಲ. ಪ್ರತಿ ಮರದ ಹತ್ತಿರವೂ ಕೇಳಿ: ಇಲ್ಲಿ ಬೀಜ ಹೆಕ್ಕುತ್ತಾರಾ, ದನ ಬರುತ್ತದಾ, ಹೋದ ವರ್ಷ ಈ ಮರ ಕಾಯಿ ಬಿಟ್ಟಿತ್ತಾ?

ಹೆಸರಿನ ವಿಷಯದಲ್ಲೂ ಅವರ ಸಹಾಯ ಬೇಕು, ಸ್ವಲ್ಪ ಎಚ್ಚರವೂ ಬೇಕು. ಕಾಸರಗೋಡಿನಲ್ಲಿ ಒಂದು ಮರಕ್ಕೆ ಮೂರು ಹೆಸರು ಮಾಮೂಲು. ನಾವು ಹೆಬ್ಬಲಸು ಎನ್ನುವುದನ್ನು ತುಳುವಿನಲ್ಲಿ ಪೆಜ ಎನ್ನುತ್ತಾರೆ, ಮಲಯಾಳದಲ್ಲಿ ಆಂಞಿಲಿ. ನಮ್ಮ ಜಿಲ್ಲೆಯ ಹೆಸರಿಗೇ ಕಾರಣ ಎಂದು ಕೆಲವರು ಹೇಳುವ ಕಾಸರಕ ಮರ ಮಲಯಾಳದಲ್ಲಿ ಕಾಂಞಿರ. ಮೂರು ಹೆಸರಿದ್ದರೆ ಅಷ್ಟು ತೊಂದರೆಯಿಲ್ಲ, ಮೂರನ್ನೂ ಬರೆದುಕೊಂಡರೆ ಆಯಿತು. ಒಂದೇ ಹೆಸರು ಹಲವು ಮರಕ್ಕೆ ಇದ್ದಾಗ ಅಪಾಯ. ಧೂಪ ಅಂಥದ್ದೇ. ನಿಮ್ಮದು ಬಿಳಿಧೂಪ ಅಥವಾ ಸಾಲುಧೂಪ, ಸಸ್ಯಶಾಸ್ತ್ರದ ವಟೇರಿಯಾ ಇಂಡಿಕಾ. ಕರಿಧೂಪ ಬೇರೆ ಕುಟುಂಬದ ಮರ, ಅದು ಕನೇರಿಯಂ. ಎರಡರಿಂದಲೂ ಪರಿಮಳದ ಅಂಟು ಬರುತ್ತದೆ, ಹಾಗಾಗಿ ಎರಡಕ್ಕೂ ಆ ಹೆಸರು. ಬಿಳಿಧೂಪದ ಎಲೆ ಒಂಟಿ, ಕರಿಧೂಪದ್ದು ಒಂದು ಕಡ್ಡಿಗೆ ಹಲವು ಎಲೆಗಳು ಜೋಡಿಸಿದ ಹಾಗೆ. ಧೂಪದ ಸಸಿ ಎಂದು ಯಾರಾದರೂ ತೋರಿಸಿದರೆ ಯಾವ ಧೂಪ ಎಂದು ಎಲೆ ನೋಡಿ ಖಚಿತ ಮಾಡಿಕೊಳ್ಳಿ. ಸಂಶಯವಿದ್ದರೆ ಪ್ರಶ್ನೆಚಿಹ್ನೆ ಇದೆಯಲ್ಲ.

ಈಗ ಮನೆಯವರ ಹೆದರಿಕೆ. ಅದು ಸುಳ್ಳು ಹೆದರಿಕೆ ಅಲ್ಲ. ಪನತ್ತಡಿ ಭಾಗದಲ್ಲಿ ಆನೆಗಳು ಓಡಾಡುತ್ತವೆ. ಬಿಸಿ ಆರದ ಲದ್ದಿ, ಆಗಷ್ಟೇ ಮುರಿದ ಕೊಂಬೆ, ಹಸಿ ವಾಸನೆ, ಇವುಗಳಲ್ಲಿ ಒಂದು ಸಿಕ್ಕಿದರೂ ವಾಚರ್ ಹೇಳಿದ ಹಾಗೆ ಕೇಳಿ. ವಾಪಸು ಹೋಗೋಣ ಎಂದರೆ ವಾದ ಮಾಡದೆ ವಾಪಸು. ಆ ದಿನದ ಚೌಕಗಳಿಗೆ ಅಡ್ಡಗೆರೆ ಹಾಕಿ, ಕಾರಣ ಆನೆ ಎಂದು ಬರೆಯಿರಿ. ಸಂಜೆ ನಾಲ್ಕರ ಒಳಗೆ ಕಾಡಿನಿಂದ ಹೊರಗಿರಬೇಕು. ಯಾವ ದಾರಿ, ಯಾವ ಮರ, ಎಷ್ಟು ಹೊತ್ತಿಗೆ ವಾಪಸು ಎಂದು ಕಾಗದದಲ್ಲಿ ಬರೆದು ಉಳಿದುಕೊಂಡ ಮನೆಯಲ್ಲಿ ಕೊಟ್ಟು ಹೋಗಿ. ಒಳಗೆ ಫೋನ್ ಸಿಗುವುದನ್ನು ನಂಬಲಾಗದು.

ಹಾವಿನ ವಿಷಯದಲ್ಲಿ ಒಂದೇ ತಯಾರಿ ಮುಖ್ಯ. ವಿಷದ ಮದ್ದು ಇರುವ ಆಸ್ಪತ್ರೆ ಯಾವುದು, ಗಾಡಿ ಯಾರದು ಎಂದು ಹೋಗುವ ಮೊದಲೇ ಗೊತ್ತಿರಬೇಕು. ರಾಣಿಪುರದಿಂದ ಹೊಸದುರ್ಗಕ್ಕೆ, ಅಂದರೆ ಕಾಞಂಗಾಡಿಗೆ, 45 ಕಿಲೋಮೀಟರಿನಷ್ಟು ಘಟ್ಟದ ದಾರಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದ ಹಾಗೆ ಇಟ್ಟು ಹೊರಡಬೇಕು. ನಮ್ಮ ದೇಶದ ಸಾಮಾನ್ಯ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಳೆಕಾಡಿನ ಗುಳಿಮಂಡಲಗಳು ಅದರಲ್ಲಿ ಸೇರಿಲ್ಲ. ಹಾಗಾಗಿ ಕಚ್ಚಿಸಿಕೊಳ್ಳದಿರುವುದೇ ಮೇಲು. ಮೊಣಕಾಲಿನವರೆಗಿನ ಬೂಟು, ಕೈ ಹಾಕುವ ಮೊದಲು ಕೋಲು, ಕೊಂಬೆ ಹಿಡಿಯುವ ಮೊದಲು ಕಣ್ಣು. ಮಲಬಾರ್ ಗುಳಿಮಂಡಲ ಕೊಂಬೆಯ ಬಣ್ಣದಲ್ಲೇ ಅಲುಗದೆ ಕುಳಿತಿರುತ್ತದೆ.

ನನಗೆ ಇವೆರಡಕ್ಕಿಂತ ಜಾಸ್ತಿ ಚಿಂತೆ ಉಣ್ಣಿಯದು. ನೀವು ಹೋಗುವುದು ಉಂಬಳದ ಕಾಲದಲ್ಲಲ್ಲ. ಉಂಬಳ ಮಳೆಗಾಲದ್ದು, ರಕ್ತ ಹೀರಿ ಬಿಡುತ್ತದೆ, ಅಷ್ಟೇ. ಉಣ್ಣಿಗಳು ಒಣಗಿದ ತಿಂಗಳುಗಳಲ್ಲಿ ಹೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ, ಮುಂದೆ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ಸಂಜೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈಪೂರ್ತಿ ನೋಡಿ ಸ್ನಾನ ಮಾಡಿ. ಕಂಕುಳು, ಸೊಂಟ, ಕಿವಿಯ ಹಿಂದೆ ನೋಡುವುದನ್ನು ಮರೆಯಬೇಡಿ. ಹತ್ತಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಹುಡುಗಿಯರಿಗೆ ಯಾರೂ ಹೇಳದ ಇನ್ನೊಂದು ವಿಷಯ. ಕಾಡಿನಲ್ಲಿ ಶೌಚಕ್ಕೆ ಜಾಗ ಇಲ್ಲ ಎಂದು ನೀರು ಕುಡಿಯದೆ ಇರುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ವಿದ್ಯಾರ್ಥಿನಿಯರು ತಲೆನೋವು, ಮೂತ್ರದ ಸೋಂಕಿನಿಂದ ಕಷ್ಟಪಟ್ಟದ್ದು ಇದರಿಂದಲೇ. ಜೊತೆಗೆ ಬರುವವರಿಗೆ ಮೊದಲ ದಿನವೇ ನೇರವಾಗಿ ಹೇಳಿ, ಇಂಥ ಹೊತ್ತಿಗೆ ಹತ್ತು ನಿಮಿಷ ನಮ್ಮನ್ನು ಬಿಟ್ಟು ಮುಂದೆ ಹೋಗಿ ನಿಲ್ಲಿ ಎಂದು. ಸಾಧ್ಯವಾದರೆ ಜೊತೆಗೆ ಬರುವ ಸಹಪಾಠಿಯೂ ಹುಡುಗಿಯಾಗಿರಲಿ. ದಿನಕ್ಕೆ ಎರಡು ಲೀಟರ್ ನೀರು ಮನೆಯಿಂದಲೇ ಒಯ್ಯಿರಿ.

ಸಂಜೆಯ ಒಂದು ಗಂಟೆ ಬಾಕಿ ಇದೆ. ಆ ಒಂದು ಗಂಟೆಗೆ ನಾನು ಹಗಲಿನ ಆರು ಗಂಟೆಯಷ್ಟೇ ಬೆಲೆ ಕೊಡುತ್ತೇನೆ. ಊಟಕ್ಕೆ ಮೊದಲು ಪುಸ್ತಕ ತೆಗೆಯಿರಿ. ಪ್ರತಿ ಪುಟದ ಫೋಟೊ ತೆಗೆದು ಸ್ನೇಹಿತರಿಗೆ ಕಳಿಸಿ. ಮೂವತ್ತೆರಡು ಚೌಕಕ್ಕೂ ಗುರುತು ಇದೆಯೇ ಎಂದು ಎಣಿಸಿ. ಓದಲಾಗದ ಅಂಕೆ ಇದ್ದರೆ ಇವತ್ತೇ ಸರಿ ಮಾಡಿ, ನಾಳೆ ಅದು 1 ಆಗಿತ್ತೋ 7 ಆಗಿತ್ತೋ ನೆನಪಿರುವುದಿಲ್ಲ. ತಿದ್ದುವಾಗ ಉಜ್ಜಬೇಡಿ, ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಅರ್ಧ ಪುಟ ಸುಮ್ನೆ ಕಂಡದ್ದನ್ನು ಬರೆಯಿರಿ: ಯಾವ ಮರ ಹೂ ಬಿಟ್ಟಿದೆ, ಎಲ್ಲಿ ದೊಡ್ಡ ಕೊಂಬೆ ಬಿದ್ದು ಬೆಳಕು ಬಂದಿದೆ, ಹಿರಿಯರು ಏನು ಹೇಳಿದರು. ಬೆಳಕು ಬಂದ ಜಾಗ ಮುಖ್ಯ. ಧೂಪದ ಸಸಿ ನೆರಳಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಮೇಲೆ ಒಂದು ಮರ ಬಿದ್ದು ಕಿಂಡಿ ತೆರೆದರೆ ಸರ್ರನೆ ಏಳುತ್ತದೆ. ಮಾರ್ಚಿನಲ್ಲಿ ಒಂದೇ ಚೌಕದ ಸಸಿಗಳು ಯಾಕೆ ಬೇರೆ ಥರ ಬೆಳೆದವು ಎಂದು ತಲೆ ಕೆಡಿಸಿಕೊಂಡಾಗ ಉತ್ತರ ಆ ಅರ್ಧ ಪುಟದಲ್ಲಿ ಇರುತ್ತದೆ.

ಮೂರು ತಿಂಗಳಿನ ಲೆಕ್ಕದಿಂದ ಜಾನ್ಜನ್ ಸರಿಯೋ ತಪ್ಪೋ ಎಂದು ತೀರ್ಮಾನವಾಗುವುದಿಲ್ಲ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಕಾಡಿನ ಪ್ರತಿ ಮರವನ್ನೂ, ಬೆರಳುಗಾತ್ರದ ಗಿಡವನ್ನೂ, 1980ರ ದಶಕದ ಶುರುವಿನಿಂದ ಎಣಿಸುತ್ತಾ ಬಂದಿದ್ದಾರೆ. ನಮ್ಮಲ್ಲೂ ತಮಿಳುನಾಡಿನ ಮುದುಮಲೆಯಲ್ಲಿ ಅಷ್ಟೇ ದೊಡ್ಡ ಜಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಯಿಂದ ಅದೇ ಕೆಲಸ ಮಾಡುತ್ತಿದ್ದಾರೆ, ಅದು ಒಣ ಎಲೆಯುದುರುವ ಕಾಡು. ಅಲ್ಲೆಲ್ಲ ಬೆಲೆ ಬಂದಿರುವುದು ಅದೇ ಮರವನ್ನು ಅದೇ ರೀತಿ ಮತ್ತೆ ಅಳೆದದ್ದಕ್ಕೆ. ನಿಮ್ಮ ಕೆಲಸವೂ ಮುಂದಿನ ವರ್ಷದ ವಿದ್ಯಾರ್ಥಿಗೆ ಸಿಗುವ ಹಾಗೆ ಇರಬೇಕು. ಪುಸ್ತಕದ ಮೊದಲ ಪುಟದಲ್ಲಿ ಚೌಕ ಹೇಗೆ ಹಾಕಿದಿರಿ, ದಿಕ್ಕು ಹೇಗೆ ಆರಿಸಿದಿರಿ, ಮೂರು ಗುರುತುಗಳ ಅರ್ಥ ಏನು ಎಂದು ಬರೆದಿಡಿ. ಮಾರ್ಚಿನಲ್ಲಿ ಕಡ್ಡಿ, ನಂಬರುಗಳನ್ನು ಕಿತ್ತುಕೊಂಡು ಬರಬೇಡಿ, ಇಲಾಖೆಯ ಒಪ್ಪಿಗೆ ಕೇಳಿ ಅಲ್ಲೇ ಬಿಡಿ. ತಾಯಿಮರಕ್ಕೆ ನಂಬರಿನ ತಗಡು ಹೊಡೆಯಲು ಅನುಮತಿ ಸಿಕ್ಕಿದರೆ ಅಲ್ಯೂಮಿನಿಯಂ ಮೊಳೆಯನ್ನೇ ಬಳಸಿ, ಪೂರ್ತಿ ಒಳಗೆ ಹೊಡೆಯಬೇಡಿ. ಎರಡು ಬೆರಳಿನಷ್ಟು ಹೊರಗೆ ಇರಲಿ. ಮರ ದಪ್ಪವಾಗುತ್ತಾ ಹೋದಾಗ ತಗಡು ತೊಗಟೆಯೊಳಗೆ ಮುಚ್ಚಿಹೋಗಬಾರದು.